“ಒಳಗೆ ಹೋಗಿ ಅನ್ನೋನು ನಾನೇ”

ಕಾಫಿ ಕುಯ್ಲು ಶುರುವಾದರೆ ಸಾಕು, ಆಪ್ತಸಲಹೆಗಾರ್ತಿಯಾದ ನನಗೆ ಇಂಥ ಫೋನ್ ಬರುತ್ತದೆ. “ನಮ್ಮ ತೋಟದ ರೈಟರ್ ಯಾಕೋ ಮಂಕಾಗಿದ್ದಾನೆ. ಸ್ವಲ್ಪ ಧೈರ್ಯ ಹೇಳಿ ಕಳಿಸಿ ಮೇಡಂ.” ರೈಟರ್ ಅಂದರೆ ತೋಟದ ಲೆಕ್ಕ ಬರೆದು, ಕೆಲಸ ನೋಡಿಕೊಳ್ಳುವವರು. ಅಂಥ ಒಬ್ಬರ ವಿಷಯ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಕೊಡಗಿನ ಸಿದ್ದಾಪುರದ ಕಡೆಯ ರೊಬಸ್ಟಾ ಕಾಫಿ ತೋಟ. ಮಾಲೀಕರು ಇರುವುದು ಬೆಂಗಳೂರಿನಲ್ಲಿ. ರೈಟರ್‌ಗೆ ನಲವತ್ತರ ಹತ್ತಿರ ವಯಸ್ಸು. ನಿದ್ದೆ ಇಲ್ಲ, ಹೊಟ್ಟೆ ಉರಿ, ಸೊಂಟ ನೋವು. ಡಾಕ್ಟರಿಗೆ ಏನೂ ಸಿಗಲಿಲ್ಲ. ಬೆಳಕು ಹರಿಯುವಾಗ ಬೈಕಿನಲ್ಲಿ ಒಬ್ಬರೇ ತೋಟ ಸುತ್ತಿ ಆನೆ ಇದೆಯಾ ನೋಡಬೇಕು. ಆಮೇಲೆ ಹಾಜರಿ, ಕುಯ್ಲಿನ ಉಸ್ತುವಾರಿ, ಸಂಜೆ ತೂಕ. ರಾತ್ರಿ ಹತ್ತರವರೆಗೂ ಮಾಲೀಕರ ವಾಟ್ಸಾಪ್.

ಆನೆ ಭಯ ಇರಬೇಕು ಎಂದು ಮಾಲೀಕರು ಹೇಳಿದ್ದರು. ನಾನೂ ಅದನ್ನೇ ಕೇಳಿದೆ.

“ಆನೆ ನನಗೆ ಹೊಸದಾ ಮೇಡಂ? ಹುಟ್ಟಿದಾಗಿಂದ ನೋಡ್ತಿದ್ದೀನಿ. ನನ್ನ ಮೇಲೆ ಬಂದ್ರೆ ಓಡ್ತೀನಿ. ಆದ್ರೆ ಎಂಟು ಗಂಟೆಗೆ ಜನ ಗೇಟಲ್ಲಿ ನಿಂತಿರ್ತಾರೆ. ಒಳಗೆ ಹೋಗಿ ಅನ್ನೋನು ನಾನೇ. ಲದ್ದಿ ನಿನ್ನೇದಾ, ಇವತ್ತಿಂದಾ ಅಂತ ನಾನೇ ಹೇಳ್ಬೇಕು. ಕೂಲಿಯವರ ಲೈನ್ ಮನೆಯ ಒಬ್ಬ ಹೆಂಗಸು ದಿನಾ ಕೇಳ್ತಾಳೆ, ‘ಅಣ್ಣಾ, ಹೋಗಬಹುದಾ?’ ರಾತ್ರಿ ಮಲಗಿದ್ರೂ ಅದೇ ಕೇಳಿಸುತ್ತೆ.”

ಅನುಮಾನ ಬಂದ ದಿನ ಕೆಲಸ ನಿಲ್ಲಿಸಬಹುದಲ್ವಾ ಎಂದೆ. ನಕ್ಕುಬಿಟ್ಟರು.

“ನಿಲ್ಲಿಸಿದ್ರೆ ಸಂಜೆ ಸಾವ್ಕಾರ್ರು ಎಷ್ಟು ಕೆ.ಜಿ. ಅಂತ ಕೇಳ್ತಾರೆ. ಕುಯ್ಯೋರಿಗೂ ಕೆ.ಜಿ. ಲೆಕ್ಕದಲ್ಲೇ ದುಡ್ಡು. ಮೇಸ್ತ್ರಿ ಜನನ ಪಕ್ಕದ ತೋಟಕ್ಕೆ ಕರ್ಕೊಂಡು ಹೋಗ್ತಾನೆ. ಒಂದ್ಸಲ ನಿಲ್ಲಿಸಿದ್ದೆ. ಆನೆ ಬರಲೇ ಇಲ್ಲ. ಆಮೇಲೆ ಬೈಗುಳ ಬಂತು.”

ಅಷ್ಟೂ ಹೊತ್ತು ಅವರು ಸೊಂಟದ ಮಾತೇ ಎತ್ತಲಿಲ್ಲ. ಹೆಸರಿಗೆ ತೀರ್ಮಾನ ಇವರದು. ತೀರ್ಮಾನ ಮಾಡುವ ಅಧಿಕಾರ ಮಾತ್ರ ಇಲ್ಲ. ಕೆಲಸದ ಒತ್ತಡ ಜಾಸ್ತಿಯಿದ್ದು ಅದರ ಮೇಲೆ ಹಿಡಿತ ಕಡಿಮೆಯಾದಾಗ ಮನುಷ್ಯ ಬಳಲುತ್ತಾನೆ ಎಂದು ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ರೈಟರ್‌ಗೆ ನಾನು ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ, ನಿದ್ದೆಯ ಬಗ್ಗೆಯೂ ಮಾತಾಡಿದೆ. ಆದರೆ ಗೇಟಿನ ಹತ್ತಿರದ ಆ ಪ್ರಶ್ನೆ ಹಾಗೇ ಇರುವಾಗ ಉಸಿರು ಎಷ್ಟು ಎಳೆದು ಬಿಟ್ಟರೇನು?

ಅವರ ಒಪ್ಪಿಗೆ ಪಡೆದು ಮಾಲೀಕರ ಜೊತೆ ಕೂತೆ. ಫೀಸು ಕೊಡುವವರು ಅವರೇ ಆದರೂ ರೈಟರ್ ಹೇಳಿದ್ದೆಲ್ಲ ಅವರಿಗೆ ಹೇಳುವಂತಿಲ್ಲ. ಯಾವ ಮಾತು ಹೇಳಬಹುದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಅನುಮಾನ ಬಂದರೆ ಕೆಲಸ ನಿಲ್ಲಿಸುವ ಅಧಿಕಾರ ರೈಟರ್‌ದು, ಅದನ್ನು ಬರವಣಿಗೆಯಲ್ಲಿ ಕೊಡಿ ಎಂದೆ. ಆನೆ ಬರದಿದ್ದರೂ ಬೈಯಬಾರದು. ಇದೇ ಮುಖ್ಯ. ಅಂಥ ದಿನ ಜನರಿಗೆ ಕಣದಲ್ಲೋ ನರ್ಸರಿಯಲ್ಲೋ ಕೆಲಸ ಕೊಟ್ಟು ದಿನಗೂಲಿ ಕೊಡಿ. ಇಲ್ಲದಿದ್ದರೆ ಕೂಲಿ ಹೋಗುತ್ತದೆಂದು ಅವರೇ ಒಳಗೆ ನುಗ್ಗುತ್ತಾರೆ. ಬೆಳಗಿನ ಸುತ್ತಿಗೆ ಒಬ್ಬರನ್ನೇ ಕಳಿಸಬೇಡಿ. ಚೆನ್ನಾಗಿ ಬೆಳಕಾದ ಮೇಲೆ ಇಬ್ಬರು ಹೋಗಲಿ, ಹೊರಡುವ ಮುಂಚೆ ಅರಣ್ಯ ಇಲಾಖೆಯವರಿಂದ ಆನೆಗಳ ಸುದ್ದಿ ಕೇಳಿಕೊಳ್ಳಲಿ. ರಾತ್ರಿ ಎಂಟರ ನಂತರ ತುರ್ತು ಇದ್ದರೆ ಮಾತ್ರ ಫೋನ್. ತೂಕದ ಜಾಗ ಇಳಿಜಾರಿನಿಂದ ರಸ್ತೆ ಪಕ್ಕಕ್ಕೆ ಬರಲಿ, ಚೀಲ ಹೊತ್ತು ಏರು ಹತ್ತುವುದು ತಪ್ಪುತ್ತದೆ. ಸೊಂಟಕ್ಕೆ ಮಾತ್ರೆ ಇದ್ದೇ ಇದೆ, ಆದರೆ ಹೊರೆ ಅಷ್ಟೇ ಇದ್ದರೆ ನೋವು ಮತ್ತೆ ಬರುತ್ತದೆ.

ತೋಟ ಹೇಗೆ ನಡೆಸಬೇಕು ಎಂದು ಹೇಳಲು ಆಪ್ತಸಲಹೆಗಾರರು ಯಾರು ಎಂದು ನನ್ನ ವೃತ್ತಿಯವರೇ ಕೇಳಿದ್ದಾರೆ. ಬಹುಶಃ ಓದುವ ನಿಮಗೂ ಹಾಗನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ಕೆಲಸದ ಜಾಗದಲ್ಲೇ ಬದಲಾವಣೆ ಮಾಡಿ, ಮೇಲಿನವರಿಗೂ ತರಬೇತಿ ಕೊಡಿ ಎನ್ನುತ್ತದೆ. ಅದು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಕಾಯಿಲೆ ಬರುವಂತೆ ಕೆಲಸ ಇಟ್ಟು, ಕಾಯಿಲೆ ಬಂದವನಿಗೆ ಧೈರ್ಯ ಹೇಳುವುದು ನನ್ನಿಂದ ಆಗುವುದಿಲ್ಲ.

ಮಾಲೀಕರು ಮೊದಲು ಮುಖ ಗಂಟಿಕ್ಕಿದರು. ಇಬ್ಬರು ಹೋಗುವುದಕ್ಕೆ ಒಪ್ಪಿದರು, ನಿಲ್ಲಿಸುವ ಅಧಿಕಾರವನ್ನೂ ಬರೆದು ಕೊಟ್ಟರು. ದಿನಗೂಲಿಯ ವಿಷಯದಲ್ಲಿ ತುಂಬ ಎಳೆದಾಡಿ, ಕೊನೆಗೆ ಅರ್ಧ ಕೂಲಿಗೆ ಬಂದರು. ಅದು ಸಾಲದು ಎಂದು ಈಗಲೂ ಹೇಳುತ್ತಿದ್ದೇನೆ. ವಾಟ್ಸಾಪ್ ಕಡಿಮೆಯಾಗಿದೆ, ನಿಂತಿಲ್ಲ. ತೂಕದ ಜಾಗ ಮುಂದಿನ ಕುಯ್ಲಿಗೆ ನೋಡೋಣ ಎಂದಿದ್ದಾರೆ.

ರೈಟರ್ ಈಗ ಸುಮಾರಾಗಿ ನಿದ್ದೆ ಮಾಡುತ್ತಾರೆ. ಇದೇ ಸ್ಥಿತಿಯಲ್ಲಿರುವವರು, ತೋಟದವರಿಗೆ ತಿಳಿಯುವುದು ಬೇಡ ಅನ್ನುವುದಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಇನ್ನು ಧೈರ್ಯ ಹೇಳಿ ಎಂದು ಫೋನ್ ಮಾಡುವ ಮಾಲೀಕರಿಗೆ ನಾನು ಈಗ ಮೊದಲು ಕೇಳುವುದು ಇಷ್ಟೇ: ನಿಮ್ಮ ರೈಟರ್ ಬೆಳಗಿಂದ ರಾತ್ರಿವರೆಗೆ ಏನೇನು ಮಾಡುತ್ತಾರೆ, ಬರೆದು ಕಳಿಸಿ. ಕೆಲವರು ಕಳಿಸುತ್ತಾರೆ. ಕೆಲವರು ಮತ್ತೆ ಫೋನ್ ಮಾಡುವುದೇ ಇಲ್ಲ.