ಉದ್ದೇಶ ಒಳ್ಳೆಯದಿದ್ದರೆ ಅನೈತಿಕ ದಾರಿ ಹಿಡಿಯಬಹುದೇ?

ಅಪರೂಪಕ್ಕೆ ಹಿಡಿಯಬಹುದು ಎಂದೇ ನನ್ನ ಉತ್ತರ. ಕೊಲ್ಲಲು ಬಂದವನು ಬಾಗಿಲು ತಟ್ಟಿ "ಅವನು ಒಳಗಿದ್ದಾನಾ?" ಎಂದು ಕೇಳಿದರೆ ಹಿಂದುಮುಂದು ನೋಡದೆ ಸುಳ್ಳು ಹೇಳುತ್ತೇನೆ. ಆ ಸುಳ್ಳಿನ ಹೊರೆ ನನ್ನ ತಲೆಯ ಮೇಲೇ ಇರುತ್ತದೆ. ಆದರೆ ಒಳ್ಳೆಯದು ಯಾವುದೆಂದು ಒಬ್ಬರು ತೀರ್ಮಾನಿಸಿ, ಬೆಲೆಯನ್ನು ಇನ್ನೊಬ್ಬರು ತೆರುವಾಗ ಈ ಸಮರ್ಥನೆ ನಿಲ್ಲುವುದಿಲ್ಲ.

ತುರ್ತುಪರಿಸ್ಥಿತಿಯನ್ನೇ ನೋಡಿ. ಜನಸಂಖ್ಯೆಯ ಏರಿಕೆ ತಗ್ಗಿಸಬೇಕೆಂಬ ಗುರಿಯಲ್ಲಿ ತಪ್ಪಿರಲಿಲ್ಲ. 1976ರಲ್ಲಿ ಕೆಲವು ರಾಜ್ಯಗಳಲ್ಲಿ ಶಾಲಾ ಮೇಷ್ಟ್ರುಗಳಿಗೂ "ಇಷ್ಟು ಜನರನ್ನು ಆಪರೇಷನ್‌ಗೆ ಕರೆತನ್ನಿ" ಎಂದು ಕೋಟಾ ಕೊಟ್ಟರು. ಆಗದಿದ್ದರೆ ಸಂಬಳ ನಿಲ್ಲುತ್ತಿತ್ತು. ಆ ವರ್ಷದ ನವೆಂಬರ್‌ನಲ್ಲಿ ಹರಿಯಾಣದ ಉಟಾವರ್ ಹಳ್ಳಿಯನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಅವರಲ್ಲಿ ಅನೇಕರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಬಿಟ್ಟರು. ಬೇಡ ಎನ್ನುವ ಅವಕಾಶವೇ ಇಲ್ಲದೆ ಮನುಷ್ಯನ ಮೈಗೆ ಕತ್ತರಿ ಹಾಕುವುದನ್ನು ಯಾವ ಅಂಕಿಅಂಶ ಸರಿಪಡಿಸೀತು?

ಗುರಿಯಾದರೂ ಕೈಗೂಡಿತೇ? 1977ರಲ್ಲಿ ಸರ್ಕಾರ ಸೋತಿತು. 'ಕುಟುಂಬ ಯೋಜನೆ' ಎಂಬ ಹೆಸರಿಗೇ ಕಳಂಕ ತಟ್ಟಿ 'ಕುಟುಂಬ ಕಲ್ಯಾಣ' ಎನ್ನಬೇಕಾಯಿತು. ಹೆದರಿದ ಗಂಡಸರು ಮತ್ತೆ ಅತ್ತ ಸುಳಿಯಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15-49 ವಯಸ್ಸಿನ ವಿವಾಹಿತ ಹೆಂಗಸರ ಪೈಕಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 37.9, ಗಂಡ ಮಾಡಿಸಿಕೊಂಡವರು ಶೇ 0.3. ಬೇರೆ ಕಾರಣಗಳೂ ಇವೆ, ನಿಜ. ಆದರೂ ಅಂದಿನ ಜುಲುಮೆಯ ಭಾರದಲ್ಲಿ ಒಂದು ಪಾಲನ್ನು ಇಂದಿಗೂ ಹೆಣ್ಣುಮಕ್ಕಳೇ ಹೊರುತ್ತಿದ್ದಾರೆ. ಅತ್ತ ಕೇರಳದಲ್ಲಿ ಹುಡುಗಿಯರ ಓದು, ಹತ್ತಿರದ ಆಸ್ಪತ್ರೆ, ಶಿಶುಮರಣದ ಇಳಿಕೆ ಇವೇ ಮುಖ್ಯವಾಗಿ ಕೆಲಸ ಮಾಡಿ, 1990ರ ಹೊತ್ತಿಗೆ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳ ಆಸುಪಾಸಿಗೆ ಬಂದಿತ್ತು.