ಹಾಲು ಕುಡಿದಷ್ಟು ಸಂತೋಷ

‘ಹನ್ನೊಂದು ವರ್ಷ ನನ್ನನ್ನು ಕಾಡಿದ ಮೇಲಧಿಕಾರಿ ಕಳೆದ ತಿಂಗಳು ಅಮಾನತಾದ. ಹಾಲು ಕುಡಿದಷ್ಟು ಸಂತೋಷವಾಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರೇ ಹೇಳಿಲ್ಲವೇ? ಇದರಲ್ಲಿ ತಪ್ಪೇನು?’
– ಹೆಸರು ಬೇಡವೆಂದ ಓದುಗರು

ಸಂತೋಷವಾದದ್ದು ತಪ್ಪಲ್ಲ, ಸ್ವಾಮಿ. ಮನಸ್ಸು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಪರರ ಕೇಡಿಗೆ ಹಿಗ್ಗುವ ಈ ಭಾವಕ್ಕೆಂದೇ ಜರ್ಮನರು ‘ಶಾಡನ್‌ಫ್ರಾಯ್ಡ’ ಎಂಬ ಪದವನ್ನು ಮಾಡಿಟ್ಟುಕೊಂಡಿದ್ದಾರೆ; ಅರಿಸ್ಟಾಟಲನ ಗ್ರೀಕಿನಲ್ಲೂ ಒಂದಿತ್ತು. ನಿಮ್ಮ ಪರವಾಗಿ ಹೇಳುವುದು ಇಷ್ಟೇ.

ಆದರೆ ಆ ಸಂತೋಷಕ್ಕೆ ಮಣೆ ಹಾಕಿ ಕೂರಿಸಿಕೊಂಡಿದ್ದೀರಲ್ಲ, ನನ್ನ ತಕರಾರು ಅದಕ್ಕೆ. ರನ್ನನ ದುರ್ಯೋಧನನನ್ನು ನೆನೆಯಿರಿ. ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ದೇಹದ ಮುಂದೆ ನಿಲ್ಲುತ್ತಾನೆ. ತನ್ನ ಮಗನನ್ನು ಕೊಂದ ಹುಡುಗ. ತನ್ನವರೇ ಸುತ್ತುಗಟ್ಟಿ ಕೊಂದ ಹುಡುಗ. ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಎಂದು ಕೈಮುಗಿಯುತ್ತಾನೆ. ಛಲಕ್ಕೆ ದುರ್ಯೋಧನ ಎಂದು ಎಲ್ಲರೂ ಬಲ್ಲರು. ಅವನು ಕೈಮುಗಿದದ್ದು ಎಷ್ಟು ಜನಕ್ಕೆ ನೆನಪಿದೆ?

1865ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಕೊನೆಗೆ, ದಕ್ಷಿಣದ ಸೇನಾಪತಿ ಲೀ ಅಪೊಮಾಟಕ್ಸ್ ಎಂಬ ಊರಿನಲ್ಲಿ ಶರಣಾದಾಗ, ವಿಜಯದ ತೋಪು ಹಾರಿಸತೊಡಗಿದ ತನ್ನ ಸೈನಿಕರನ್ನು ಉತ್ತರದ ಸೇನಾಪತಿ ಗ್ರಾಂಟ್ ತಡೆದ. ಎದುರಾಳಿ ಹೋರಾಡಿದ್ದು ಹೀನ ಉದ್ದೇಶಕ್ಕೆ ಎಂಬ ಅಭಿಪ್ರಾಯವನ್ನೇನೂ ಅವನು ಬಿಡಲಿಲ್ಲ. ತೋಪಿನ ಸದ್ದು ಮಾತ್ರ ಬೇಡವೆಂದ.

ನಾನೇನು ಸಾಧುವಲ್ಲ. ನಮ್ಮನ್ನು ಸದಾ ಗೇಲಿ ಮಾಡುತ್ತಿದ್ದ ಪತ್ರಿಕೆಯೊಂದು ಮುಚ್ಚಿದ ದಿನ ಕಚೇರಿಯಲ್ಲಿ ಮೊದಲು ನಕ್ಕವನು ನಾನೇ. ವಾರ ಕಳೆಯುವುದರೊಳಗೆ ಅಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಕೆಲಸ ಕೇಳಿಕೊಂಡು ಬಂದರು. ಮಾತನಾಡುತ್ತಲೇ ನಮ್ಮ ಮುಖಪುಟದ ಕಾಗುಣಿತದ ತಪ್ಪೊಂದಕ್ಕೆ ಬೆರಳಿಟ್ಟು, ಅಭ್ಯಾಸಬಲ, ಕ್ಷಮಿಸಿ ಎಂದರು. ನಾನು ನಕ್ಕದ್ದು ಇವರ ಮೇಲೂ ಎಂಬುದು ಆಗ ಹೊಳೆಯಿತು.

ಈಗಂತೂ ಬಿದ್ದವನನ್ನು ನೋಡಲು ಬೀದಿಗಿಳಿಯಬೇಕಾಗಿಯೂ ಇಲ್ಲ. ಬಂಧಿತನ ಬಾಗಿದ ತಲೆ, ದಿವಾಳಿಯಾದವನ ಮನೆಯ ಬೀಗ, ಸೋತವಳ ಕಣ್ಣೀರು ಎಲ್ಲವೂ ಮೊಬೈಲಿಗೇ ಬರುತ್ತವೆ. ಅದನ್ನು ಹತ್ತು ಜನಕ್ಕೆ ಕಳುಹಿಸಿ ನ್ಯಾಯ ಸಿಕ್ಕಿತೆಂದು ಮಲಗುತ್ತೇವೆ. ನಮ್ಮ ವೃತ್ತಿಯೂ ಇದರಿಂದಲೇ ಕಾಸು ಮಾಡಿಕೊಂಡಿದೆ: ಆರೋಪ ಮುಖಪುಟಕ್ಕೆ, ಖುಲಾಸೆ ಒಳಪುಟದ ಎರಡು ಸಾಲಿಗೆ. ನಿಮ್ಮ ಅಧಿಕಾರಿಯೂ ಅಮಾನತಾಗಿದ್ದಾರೆ ಅಷ್ಟೆ; ವಿಚಾರಣೆ ಇನ್ನೂ ಬಾಕಿಯಿದೆ ಎಂದು ನೀವೇ ಬರೆದಿದ್ದೀರಿ.

ನಿಮ್ಮ ಪತ್ರದ ಮೂರನೆಯ ಪುಟವನ್ನು ನಾವು ಪ್ರಕಟಿಸಿಲ್ಲ. ಅವರು ಚೀಲ ಹಿಡಿದು ಮೆಟ್ಟಿಲಿಳಿದದ್ದು, ಕರವಸ್ತ್ರ ಹುಡುಕಿದ್ದು, ಯಾರೂ ಮಾತನಾಡಿಸದೆ ನಿಂತದ್ದು, ಎಲ್ಲವೂ ಅದರಲ್ಲಿದೆ. ಇಡೀ ಪತ್ರದಲ್ಲಿ ಚೆನ್ನಾಗಿ ಬರೆದಿದ್ದ ಭಾಗ ಅದೊಂದೇ.