ಚೀಟಿ ಎಲ್ಲರೂ ಬರೆಯಲಿ

ಪ್ರಶ್ನೆ: ನಾನು ಕಾಲೇಜಿನ ರೆಡ್ ರಿಬ್ಬನ್ ಕ್ಲಬ್‌ನಲ್ಲಿದ್ದೇನೆ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಜಾಥಾ ಮಾಡಿದೆವು, ಭಾಷಣ ಮಾಡಿಸಿದೆವು. ‘ಏನಾದರೂ ಕೇಳುವುದಿದೆಯಾ?’ ಎಂದರೆ ಹುಡುಗರು ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಎಚ್‌ಐವಿ ಬಗ್ಗೆ ಇವರನ್ನು ಮಾತಾಡಿಸುವುದು ಹೇಗೆ?
– ಬಿ.ಎ. ವಿದ್ಯಾರ್ಥಿನಿ, ಬಾಗಲಕೋಟೆ ಜಿಲ್ಲೆ

ಉತ್ತರ: ಮೈಕಿನ ಮುಂದೆ ಯಾರು ಬಾಯಿ ಬಿಡುತ್ತಾರೆ ತಂಗಿ? ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕಿಯಾಗಿ ಸೇರಿದ ಹೊಸದರಲ್ಲಿ ನಾನೂ ಹೀಗೇ ಸೋತೆ. ಆಮೇಲೆ ಚೀಟಿ ಹಿಡಿದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಹೆಸರು ಬೇಡ. ಪ್ರಶ್ನೆ ಇಲ್ಲದವರು ತಮ್ಮ ಊರಿನ ಹೆಸರನ್ನಾದರೂ ಬರೆಯಲೇಬೇಕು. ಎಲ್ಲರ ಪೆನ್ನೂ ಓಡುತ್ತಿದ್ದರೆ ಯಾರ ಮೇಲೂ ಯಾರ ಕಣ್ಣೂ ಬೀಳುವುದಿಲ್ಲ.

ಸೊಳ್ಳೆ ಕಚ್ಚಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದಾ ಎನ್ನುವ ಚೀಟಿಗಳೇ ಹೆಚ್ಚು. ಬರುವುದಿಲ್ಲ ಎಂದು ಹೇಳಿ ಮುಂದಕ್ಕೆ ಹೋಗು. ನಾಲ್ಕು ಮಡಿಕೆಯ ಚೀಟಿ ಸಿಕ್ಕಾಗ ನಿಲ್ಲು. ಒಮ್ಮೆ ‘ನಾನು’ ಎಂಬುದನ್ನು ಹೊಡೆದುಹಾಕಿ ಯಾರೋ ಬರೆದಿದ್ದರು: ‘ನನ್ನ ಗೆಳೆಯ ನಿನ್ನೆ ತಪ್ಪು ಮಾಡಿದ. ಟೆಸ್ಟ್ ಮಾಡಿಸಿದರೆ ಮನೆಗೆ ಪತ್ರ ಬರುತ್ತದಾ?’

ತಪ್ಪಿನ ಮಾತನ್ನು ನಾನು ಎತ್ತಲೇ ಇಲ್ಲ. ಮನೆಗೆ ಪತ್ರ ಹೋಗುವುದಿಲ್ಲ, ಪರೀಕ್ಷೆ ಉಚಿತ, 18 ತುಂಬಿದವರ ಒಪ್ಪಿಗೆ ಅವರದೇ, ಗುಟ್ಟು ಕಾಯಬೇಕೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ ಎಂದೆ. ಆದರೆ ಅದಕ್ಕಿಂತ ಮೊದಲು ಹೇಳಿದ್ದು ಗಡಿಯಾರದ ಮಾತು. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ವೈದ್ಯರನ್ನು ಕಾಣಬೇಕು. ಅಗತ್ಯವೆನಿಸಿದರೆ ಸೋಂಕು ತಡೆಯಲು 28 ದಿನದ ಮಾತ್ರೆ ಕೊಡುತ್ತಾರೆ. ಇವತ್ತೇ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂದು ಬಂದರೂ ನಿರಾಳವಾಗುವಂತಿಲ್ಲ, ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು. ಇದ್ದರೂ ಬದುಕು ಮುಗಿಯಲಿಲ್ಲ: ಎಆರ್‌ಟಿ ಮಾತ್ರೆ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ) 2004ರಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಮಾತು ಹೇಳುವಾಗ ಕೋಣೆಯಲ್ಲಿ ನಗು ಇರಲಿಲ್ಲ.

ಇನ್ನೊಂದು. ‘ಸುರಕ್ಷಿತವಾಗಿರಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾಂಡೋಮ್ ಎಂಬ ಪದವನ್ನು ನುಂಗದೆ ಹೇಳಬೇಕು, ಬಳಸುವುದನ್ನು ಮಾದರಿಯ ಮೇಲೆ ತೋರಿಸಬೇಕು. ನಿನಗೆ ಮುಜುಗರವಾದರೆ ನಿಮ್ಮ ತಾಲ್ಲೂಕಿನ ಆಪ್ತಸಮಾಲೋಚಕರನ್ನೇ ಕರೆಸು. ಚೀಟಿಗಳನ್ನು ಎಲ್ಲರ ಎದುರೇ ಹರಿದುಹಾಕು. ಉಚಿತ ಸಹಾಯವಾಣಿ 1097, ಆಸ್ಪತ್ರೆಯ ಕೊಠಡಿ ಸಂಖ್ಯೆ, ಬಾಗಿಲು ತೆರೆಯುವ ಹೊತ್ತು, ಇಷ್ಟನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಅಳಿಸದೆ ಬಾ.